2008ರ ಬೇಸಿಗೆ ರಜೆ ಮೇಲೆ ಕಡಿಮೆ ದುಡ್ಡಲ್ಲಿ ಒಂದು ಟೀನೇಜ್ ಕಾಮಿಡಿ ಸಿನಿಮಾ ಮಾಡೋದು ಹೇಗೆ: ಕಥೆಯಿಂದ ಸೆನ್ಸಾರ್ ತನಕ

ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದು ರಿಸಲ್ಟ್ ಬರೋ ತನಕ ಇರತ್ತಲ್ಲ ಆ ಟೈಮು, ಟೀನೇಜ್ ಸಿನಿಮಾಗೆ ಹೇಳಿ ಮಾಡ್ಸಿದ್ದು. ಹುಡುಗ್ರಿಗೆ ಮಾಡೋಕೆ ಕೆಲ್ಸ ಇರಲ್ಲ, ಜೇಬಲ್ಲಿ ದುಡ್ಡಿರಲ್ಲ, ಮನೇಲಿ ಸಿಇಟಿಗೆ ಓದ್ಕೋ ಅಂತ ಬೈತಿರ್ತಾರೆ, ಇನ್ನೆರಡು ತಿಂಗಳಿಗೆ ಯಾರು ಯಾವೂರಿಗೆ ಹೋಗ್ತಾರೋ ಗೊತ್ತಿಲ್ಲ. ನಾನು ಎರಡು ಚಿಕ್ಕ ಸಿನಿಮಾಗಳಲ್ಲಿ ಅಸಿಸ್ಟೆಂಟ್ ಆಗಿ ದುಡಿದು ಆಮೇಲೆ ಇಂಥದ್ದೇ ಒಂದು ಸಿನಿಮಾನ ತಿಪಟೂರು ಅರಸೀಕೆರೆ ಸುತ್ತಮುತ್ತ ಸ್ನೇಹಿತರ ಜೊತೆ ಶೂಟ್ ಮಾಡಿದೀನಿ, ಅದ್ರಲ್ಲಿ ಕಲ್ತಿದ್ದನ್ನೆಲ್ಲ ಇಲ್ಲಿ ಹಾಕ್ತಿದೀನಿ. ಯಾರಾದ್ರೂ ಇದನ್ನ ಓದಿ ನಿಜವಾಗ್ಲೂ ಕ್ಲಾಪ್ ಹೊಡೆದ್ರೆ ನಂಗೆ ತುಂಬಾ ಖುಷಿ ಆಗತ್ತೆ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಮುಂದೆ ಬರೋ ಎಲ್ಲಾ ಹಂತಕ್ಕೂ ಇದೇ ಆಧಾರ. ಹಳೇ ಕಾಲ ತೋರ್ಸೋಕೆ ಹಳೇ ಸಾಮಾನು ತಂದು ಗುಡ್ಡೆ ಹಾಕಿದ್ರೆ ಕಾಲ ಬರಲ್ಲ. ಆಗ ಹುಡುಗ್ರ ಕೈಲಿ ಏನು ಆಗ್ತಿರ್ಲಿಲ್ಲ, ಏನಕ್ಕೆ ಕಾಯ್ಬೇಕಿತ್ತು, ಯಾರ ಕಣ್ಣು ತಪ್ಪಿಸ್ಬೇಕಿತ್ತು, ಇದ್ರಲ್ಲಿ ಕಾಲ ಇರತ್ತೆ, ಕಾಮಿಡಿನೂ ಅಲ್ಲೇ ಇರತ್ತೆ, ಮತ್ತೆ ಇದಕ್ಕೆ ದುಡ್ಡು ಬೇಕಾಗಲ್ಲ.

ಹಂತ 1: ವರ್ಷ ಅಷ್ಟೇ ಅಲ್ಲ, ತಿಂಗ್ಳೂ ಫಿಕ್ಸ್ ಮಾಡ್ಕೊಳ್ಳಿ

"2000ದ ದಶಕ" ಅಂತ ಬರ್ಕೊಂಡು ಶುರು ಮಾಡಿದ್ರೆ ಸಿನಿಮಾ ಎಲ್ಲೂ ನಿಲ್ಲಲ್ಲ. ನಾವು ತಗೊಂಡಿದ್ದು 2008ರ ಏಪ್ರಿಲ್ ಮೇ. ಯಾಕೆ ಅಂದ್ರೆ ಆ ಎರಡು ತಿಂಗಳಲ್ಲಿ ಕರ್ನಾಟಕದಲ್ಲಿ ಏನೇನೆಲ್ಲ ಆಯ್ತು ನೋಡಿ. ಏಪ್ರಿಲ್ 18ಕ್ಕೆ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಐಪಿಎಲ್ ಮೊದಲನೇ ಮ್ಯಾಚು, ಕೋಲ್ಕತ್ತಾ ಟೀಮಿನ ಮೆಕಲಮ್ 158 ನಾಟ್ ಔಟ್, ನಮ್ ಬೆಂಗಳೂರು 82ಕ್ಕೆ ಆಲ್ ಔಟ್. ಮೇ 10, 16, 22ಕ್ಕೆ ಮೂರು ಹಂತದಲ್ಲಿ ವಿಧಾನಸಭೆ ಎಲೆಕ್ಷನ್, 25ಕ್ಕೆ ಎಣಿಕೆ. ಬೀದಿ ತುಂಬಾ ಮೈಕ್ ಕಟ್ಟಿದ ಆಟೋಗಳು, ಒಂದೊಂದು ಓಣಿಗೂ ಪಾಂಪ್ಲೆಟ್ಟು. ಕೆಲ್ಸ ಇಲ್ಲದ ಹುಡುಗ್ರು ದಿನಕ್ಕೆ ಇಷ್ಟು ಅಂತ ದುಡ್ಡು ತಗೊಂಡು ಪಾಂಪ್ಲೆಟ್ ಹಂಚೋಕೆ ಹೋಗೋದು ಎಷ್ಟು ಸಹಜ ನೋಡಿ, ಆ ದುಡ್ಡಲ್ಲಿ ರೀಚಾರ್ಜ್ ಮಾಡ್ಸೋದು ಇನ್ನೂ ಸಹಜ. ನಮ್ಮ ಕಥೆ ಹುಟ್ಟಿದ್ದೇ ಈ ಒಂದು ಲೈನಿಂದ.

ಆಮೇಲೆ ಒಂದು ದೊಡ್ಡ ಚಾರ್ಟ್ ಪೇಪರ್ ತಗೊಂಡು ಎರಡು ಪಟ್ಟಿ ಮಾಡಿ, ಆಗ ಏನಿತ್ತು, ಆಗ ಏನಿರ್ಲಿಲ್ಲ. ಎರಡನೇ ಪಟ್ಟಿನೇ ನಿಮ್ಮನ್ನ ಕಾಪಾಡೋದು. ಮೊಬೈಲ್ ಕಂಪನಿ ಹಚ್ ಹೋಗಿ ವೊಡಾಫೋನ್ ಆಗಿದ್ದು 2007ರ ಸೆಪ್ಟೆಂಬರಲ್ಲಿ, ಸೋ 2008ರಲ್ಲಿ ಅಂಗಡಿ ಮುಂದೆ ಹೊಸ ಕೆಂಪು ಬೋರ್ಡು, ಪಕ್ಕದ ಗೋಡೆ ಮೇಲೆ ಹಳೇ ಪೇಂಟಿಂಗು, ಎರಡೂ ಇರಬಹುದು. ಸ್ಪೈಸ್ ಸಿಮ್ ಇನ್ನೂ ಓಡ್ತಿತ್ತು. ಫೇಸ್‌ಬುಕ್ ಥರದ ಆರ್ಕುಟ್ ಅನ್ನೋ ಸೈಟು ಇತ್ತು. ರೂಪಾಯಿ ಚಿಹ್ನೆ ಇರ್ಲಿಲ್ಲ, ಅದು ಬಂದಿದ್ದು 2010ರ ಜುಲೈನಲ್ಲಿ, ಹಾಗಾಗಿ ನಿಮ್ಮ ಬೇಕರಿ ರೇಟ್ ಬೋರ್ಡಲ್ಲಿ "ರೂ." ಅಂತಾನೇ ಇರ್ಬೇಕು. ಇಂಗ್ಲಿಷ್ ಬೋರ್ಡಲ್ಲಿ ಊರಿನ ಹೆಸ್ರು ಬದ್ಲಾಗಿದ್ದು 2014ರ ನವೆಂಬರ್ 1ಕ್ಕೆ, ಸೋ ಇಂಗ್ಲಿಷಲ್ಲಿ ಟುಮ್ಕೂರ್, ಶಿಮೋಗಾ ಅಂತಾನೇ ಬರ್ದಿರ್ಬೇಕು, ಕನ್ನಡ ಬೋರ್ಡ್ ಹೇಗಿದ್ರೂ ಮೊದ್ಲಿಂದ ಸರಿಯಾಗೇ ಇತ್ತು ಅದನ್ನ ಮುಟ್ಟೋದು ಬೇಡ. ಹೈವೇ ಕಲ್ಲು ಬಂದ್ರೆ ತಿಪಟೂರು ಮೇಲೆ ಹೋಗೋ ರೋಡು ಆಗ ಎನ್‌ಎಚ್ 206, ಈಗ 73.

ಹಂತ 2: ಕಥೆ ಬರೆಯೋದು, ಇಲ್ಲಿ ಮಾತ್ರ ಅವಸರ ಮಾಡ್ಬೇಡಿ

ನಾನು ಒಂದೇ ಒಂದು ಸೀನ್ ತಗೊಂಡು ಹೇಳ್ತೀನಿ, ಇದೇ ರೀತಿ ನಿಮ್ಮ ಪ್ರತಿ ಸೀನನ್ನೂ ಕೇಳ್ಕೊಳ್ಳಿ.

ನಮ್ಮ ಮೊದಲನೇ ಡ್ರಾಫ್ಟಲ್ಲಿ ಹುಡುಗ ಹುಡುಗಿ ಎಸ್ಸೆಮ್ಮೆಸ್ಸಲ್ಲಿ ಮಾತಾಡ್ತಾರೆ, ಸ್ಕ್ರೀನ್ ಮೇಲೆ ಮೆಸೇಜು ಒಂದರ ಕೆಳಗೊಂದು ಪಟಪಟ ಬರತ್ತೆ. ಓದೋಕೆ ಚೆನ್ನಾಗಿತ್ತು, ಆದ್ರೆ ಅದು ಇವತ್ತಿನ ವಾಟ್ಸ್ಯಾಪ್ ಚಾಟು, ಬರೀ ಫೋನ್ ಮಾತ್ರ ಹಳೇದು. ಆಗಿನ ಕಥೆನೇ ಬೇರೆ. ಆ ನೋಕಿಯಾ ಬೇಸಿಕ್ ಸೆಟ್ಟಲ್ಲಿ ಇನ್‌ಬಾಕ್ಸ್ ಅನ್ನೋದು ಒಂದು ಚಿಕ್ಕ ಡಬ್ಬಿ, ಒಂದಷ್ಟು ಮೆಸೇಜ್ ತುಂಬಿದ್ರೆ ಮುಗೀತು, ಮೇಲ್ಗಡೆ ಲಕೋಟೆ ಚಿತ್ರ ಮಿಣಮಿಣ ಅನ್ನೋಕೆ ಶುರು. ಅಂದ್ರೆ ಹೊಸ ಮೆಸೇಜು ಬಾಗ್ಲಲ್ಲಿ ನಿಂತಿದೆ, ಜಾಗ ಮಾಡಿದ್ರೆ ಮಾತ್ರ ಒಳಗೆ ಬರತ್ತೆ.

ಈಗ ಸೀನ್ ಹೀಗಾಯ್ತು. ಮಧ್ಯಾಹ್ನ ಮೂರು ಗಂಟೆ, ಕೊಬ್ಬರಿ ಗೋಡೌನ್ ಹಿಂದುಗಡೆ ನೆರಳು, ನಾಲ್ಕು ಜನ ಹುಡುಗ್ರು, ಒಂದೇ ಫೋನು. ಲಕೋಟೆ ಮಿಣುಕ್ತಿದೆ. ಅವಳೇ ಕಳ್ಸಿರ್ಬೇಕು, ಆದ್ರೆ ನೋಡ್ಬೇಕು ಅಂದ್ರೆ ಇರೋದ್ರಲ್ಲಿ ಒಂದನ್ನ ಅಳಿಸ್ಬೇಕು, ಇರೋದೆಲ್ಲಾ ಅವಳದ್ದೇ. "ಲೋ, ಆ ಗುಡ್ ನೈಟ್ ಫಾರ್ವರ್ಡ್ ತೆಗ್ಯೋ." "ಬೇಡ ಮಗಾ, ಅದು ಅವಳು ಫಸ್ಟ್ ಕಳ್ಸಿದ್ದು." "ಸರಿ, 'ಹ್ಮ್' ಅಂತ ಬರೀ ಒಂದು ಇದ್ಯಲ್ಲ, ಅದು?" "ಅದು ಕೋಪ ಮಾಡ್ಕೊಂಡಾಗ ಕಳ್ಸಿದ್ದು ಕಣೋ, ಅದೂ ಬೇಕು." ಹೀಗೆ ಒಂದೊಂದನ್ನೂ ಜೋರಾಗಿ ಓದಿ ಪಂಚಾಯ್ತಿ ಮಾಡ್ತಾರೆ, ಅವನಿಗೆ ನಾಚ್ಕೆ, ಇವ್ರಿಗೆ ಮಜಾ. ಕೊನೆಗೆ ಅವನು ಮ್ಯಾಥ್ಸ್ ರಫ್ ನೋಟ್‌ಬುಕ್ ಹಿಂದಿನ ಪೇಜ್ ತೆಗ್ದು, ತಾರೀಕು ಟೈಮು ಸಮೇತ ಒಂದೊಂದೇ ಮೆಸೇಜ್ ಕೈಯಲ್ಲಿ ಬರ್ಕೊಂಡು ಆಮೇಲೆ ಅಳಿಸ್ತಾನೆ. ಆಗ ನಮ್ಮಲ್ಲಿ ಎಷ್ಟೋ ಜನ ಹೀಗೆ ಮೆಸೇಜನ್ನ ಡೈರಿಗೆ ಇಳಿಸ್ಕೊಂಡಿದೀವಿ, ನಮ್ಮ ಟೀಮಲ್ಲೇ ಇಬ್ರ ಹತ್ರ ಆ ಡೈರಿ ಇನ್ನೂ ಇದೆ. ಒಳಗೆ ಬಂದ ಹೊಸ ಮೆಸೇಜ್ ಕಂಪನಿದು, ಕಾಲರ್ ಟ್ಯೂನ್ ಆಫರ್.

ಈ ಒಂದು ಸೀನಿಂದ ಮುಂದಿನ ಕಥೆ ತಾನಾಗೇ ಬಂತು, ಆ ನೋಟ್‌ಬುಕ್ ಅಮ್ಮನ ಕೈಗೆ ಸಿಗ್ಬೇಕು ಅಲ್ವಾ. ನೋಡಿ, ಒಂದು ಫೋನು, ಒಂದು ನೋಟ್‌ಬುಕ್ಕು, ಒಂದು ಗೋಡೆ ನೆರಳು, ಇಷ್ಟರಲ್ಲಿ ನಾಲ್ಕು ನಿಮಿಷದ ಸೀನ್.

ಇಂಥ ಅಡೆತಡೆಗಳನ್ನ ಪಟ್ಟಿ ಮಾಡಿ. ಲ್ಯಾಂಡ್‌ಲೈನ್ ಹಾಲಲ್ಲಿ ಇರೋದು, ಅವಳಪ್ಪ ಎತ್ತೋದು, ಇವನು ದನಿ ಬದ್ಲಾಯ್ಸಿ "ಅಂಕಲ್, ಕೆಮಿಸ್ಟ್ರಿ ರೆಕಾರ್ಡ್ ಬೇಕಿತ್ತು" ಅನ್ನೋದು. ಮಿಸ್ ಕಾಲ್ ಲೆಕ್ಕ, ಒಂದು ರಿಂಗ್ ಅಂದ್ರೆ ಮನೆ ಮುಟ್ಟಿದೆ, ಎರಡು ಅಂದ್ರೆ ಹೊರಗೆ ಬಾ, ಯಾರೋ ಗೊತ್ತಿಲ್ಲದವರು ಎತ್ತಿಬಿಟ್ರೆ ಬ್ಯಾಲೆನ್ಸ್ ಹೋಯ್ತು. ಹಬ್ಬದ ದಿನ ಎಸ್ಸೆಮ್ಮೆಸ್ ಪ್ಯಾಕ್ ನಡೀತಿರ್ಲಿಲ್ಲ, ಮಾತಾಡೋಕೆ ಅತೀ ಆಸೆ ಇರೋ ದಿನವೇ ಒಂದೊಂದು ಮೆಸೇಜಿಗೂ ದುಡ್ಡು ಕಟ್. ಸೈಬರ್ ಸೆಂಟರಲ್ಲಿ ಗಂಟೆ ಲೆಕ್ಕ, ಪ್ಲೈವುಡ್ ಕ್ಯಾಬಿನ್ನು, ನಿಮ್ಮ ಟೈಮ್ ಮುಗಿಯೋ ಹೊತ್ತಿಗೇ ಕರೆಂಟ್ ಹೋಗೋದು. ರಿಸಲ್ಟ್ ಮೊದ್ಲು ವೆಬ್‌ಸೈಟಲ್ಲಿ, ಮಾರ್ನೇ ದಿನ ಕಾಲೇಜ್ ನೋಟಿಸ್ ಬೋರ್ಡಲ್ಲಿ, ಆ ಒಂದು ರಾತ್ರಿ ಇಡೀ ಸಿನಿಮಾದ ಕ್ಲೈಮ್ಯಾಕ್ಸ್ ಆಗ್ಬಹುದು.

ಕಾಮಿಡಿ ಹುಡುಗ್ರದ್ದು ಮಾತ್ರ ಆದ್ರೆ ಸಾಲಲ್ಲ. ಹುಡುಗೀರು ಬರೀ ಕಾಯೋಕೆ, ನೋಡೋಕೆ, ನಗೋಕೆ ಇದ್ರೆ ಆ ಸ್ಕ್ರಿಪ್ಟನ್ನ ವಾಪಸ್ ತಗೊಂಡು ಬರೀರಿ, ನಾನಂತೂ ಇದನ್ನ ಜೋರಾಗೇ ಹೇಳ್ತೀನಿ. ಹಿಂದೆ ಬಿದ್ದು ಕಾಡೋದನ್ನ ಪ್ರೀತಿ ಅಂತ ತೋರಿಸ್ಬೇಡಿ. ನಮ್ಮ ಕಥೇಲಿ ಅವಳಿಗೂ ಅಷ್ಟೇ ದೊಡ್ಡ ಸಮಸ್ಯೆ ಇದೆ, ಅವಳಿಗೆ ಹಾಸನಕ್ಕೆ ಹಾಸ್ಟೆಲ್‌ಗೆ ಹೋಗ್ಬೇಕು, ಮನೇಲಿ ಇಲ್ಲೇ ಡಿಗ್ರಿ ಮಾಡು ಅಂತಾರೆ, ಅವಳ ಫ್ರೆಂಡ್ಸೂ ಅಷ್ಟೇ ತರ್ಲೆಗಳು.

ಹಂತ 3: ದುಡ್ಡು ಮತ್ತು ಕಾಗದ

ಮೊದ್ಲು ನಿಮ್ಮ ಹತ್ರ ಏನಿದೆ ನೋಡಿ, ಆಮೇಲೆ ಸೀನ್ ಬರೀರಿ. ಅಜ್ಜಿ ಮನೆ ಇದ್ಯಾ, ಮಾವನ ಹತ್ರ ಹಳೇ ಸ್ಪ್ಲೆಂಡರ್ ಇದ್ಯಾ, ಪರಿಚಯದವರ ಪ್ರಿಂಟಿಂಗ್ ಪ್ರೆಸ್ ಇದ್ಯಾ. 90 ಸೀನ್ ಇದ್ರೂ ಲೊಕೇಶನ್ 8 ದಾಟ್ಬಾರ್ದು. 18ರಿಂದ 20 ದಿನ ಶೂಟಿಂಗ್, ಯೂನಿಟ್ಟಲ್ಲಿ 15 ಜನ. ಇಷ್ಟಿಟ್ಕೊಂಡು ಬಜೆಟ್ ಹಾಕಿ. ಊಟ, ಇರೋಕೆ ಜಾಗ, ಓಡಾಟ ಇದಕ್ಕೆ ನೀವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಆಗತ್ತೆ. ಪೋಸ್ಟ್ ಪ್ರೊಡಕ್ಷನ್ ದುಡ್ಡನ್ನ ಮೊದಲ ದಿನವೇ ಬೇರೆ ಅಕೌಂಟಲ್ಲಿ ಇಟ್ಟು ಮುಟ್ಟೋದೇ ಬಿಟ್ಬಿಡಿ, ಎಷ್ಟೋ ಚಿಕ್ಕ ಸಿನಿಮಾಗಳು ಶೂಟಿಂಗ್ ಮುಗ್ಸಿ ಹಾರ್ಡ್ ಡಿಸ್ಕಲ್ಲೇ ಕೂತಿರೋದು ಇದಕ್ಕೇ. ಜನರಿಂದ ದುಡ್ಡು ಕೂಡ್ಸೋದು ನಮ್ಮಲ್ಲಿ ಆಗದೇ ಇರೋ ಮಾತಲ್ಲ, 2013ರ "ಲೂಸಿಯಾ" ಹಾಗೇ ಆಗಿದ್ದು, 2023ರ "ಡೇರ್‌ಡೆವಿಲ್ ಮುಸ್ತಾಫಾ" ಅಂತೂ ತೇಜಸ್ವಿ ಓದುಗರೇ ದುಡ್ಡು ಹಾಕಿ ಮಾಡಿದ ಕಾಲೇಜು ಕಥೆ. ಆದ್ರೆ ದುಡ್ಡು ತಗೊಳ್ಳೋ ಮೊದ್ಲು ಸಿಎ ಹತ್ರ ಕೂತು ಅದು ಸಾಲನಾ, ಪಾಲಾ, ಉಡುಗೊರೆನಾ ಅಂತ ಬರೆಸ್ಕೊಳ್ಳಿ.

ಸ್ನೇಹಿತ್ರ ಮಧ್ಯೆನೂ ಕಾಗದ ಇರ್ಲಿ. ಸ್ಕ್ರಿಪ್ಟ್ ಬರೆದವರು, ಮ್ಯೂಸಿಕ್ ಮಾಡಿದವರು ಹಕ್ಕು ಕೊಡೋ ಅಗ್ರಿಮೆಂಟಲ್ಲಿ ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಅಂತ ಬರೀಲೇಬೇಕು. ಬರೀದಿದ್ರೆ ನಮ್ಮ ಕಾಪಿರೈಟ್ ಕಾಯ್ದೆ 19ನೇ ಸೆಕ್ಷನ್ ಪ್ರಕಾರ 5 ವರ್ಷ, ಭಾರತಕ್ಕೆ ಮಾತ್ರ ಅಂತ ಲೆಕ್ಕ. ನಾಳೆ ಓಟಿಟಿಯವರು ಮೊದ್ಲು ಕೇಳೋದೇ ಈ ಪೇಪರ್ರು. ಟೈಟಲನ್ನ ಫಿಲ್ಮ್ ಚೇಂಬರಲ್ಲಿ ಬೇಗ ರಿಜಿಸ್ಟರ್ ಮಾಡ್ಸಿ.

ಹಂತ 4: ಹುಡುಗ್ರನ್ನ ಹುಡುಕೋದು

17ರ ಪಾತ್ರಕ್ಕೆ 18, 19 ವರ್ಷದವರನ್ನೇ ತಗೊಳ್ಳಿ, ಕೆಲ್ಸದ ಗಂಟೆ, ಒಪ್ಪಿಗೆ ಎಲ್ಲಾ ಸರಾಗ. 25ರವರು ಬೇಡ, ಕತ್ತು ಭುಜ ನೋಡಿದ್ರೇ ಗೊತ್ತಾಗ್ಬಿಡತ್ತೆ. ತಮ್ಮ ತಂಗಿ ಪಾತ್ರಕ್ಕೆ 14ರ ಕೆಳಗಿನ ಮಗು ಇದ್ರೆ ಬಾಲಕಾರ್ಮಿಕ ಕಾಯ್ದೆ ನಿಯಮ ಇದೆ. ಜಿಲ್ಲಾಧಿಕಾರಿ ಅನುಮತಿ, ದಿನಕ್ಕೆ 5 ಗಂಟೆ ಮೀರ್ಬಾರ್ದು, ವಿರಾಮ ಇಲ್ದೆ 3 ಗಂಟೆ ಮೀರ್ಬಾರ್ದು, ಸತತ 27 ದಿನ ಮೀರ್ಬಾರ್ದು, ಸಂಭಾವನೇಲಿ ಕನಿಷ್ಠ ಶೇ. 20 ಮಗು ಹೆಸರಲ್ಲಿ ಬ್ಯಾಂಕಲ್ಲಿ ಇಡ್ಬೇಕು. ಇದನ್ನ ಮನಸ್ಸಿಟ್ಟು ಪಾಲಿಸಿ, ಮಗು ಸುಸ್ತಾದ್ರೆ ಪ್ಯಾಕಪ್ ಹೇಳೋ ಅಧಿಕಾರ ಅವರಮ್ಮನಿಗೇ ಕೊಡಿ.

ಬೆಂಗಳೂರಲ್ಲಿ ಆಡಿಷನ್ ಇಟ್ರೆ ಎಲ್ರೂ ಒಂದೇ ಥರ ಕನ್ನಡ ಮಾತಾಡ್ತಾರೆ. ನೀವು ಶೂಟ್ ಮಾಡೋ ತಾಲೂಕಿನ ಕಾಲೇಜುಗಳಿಗೇ ಹೋಗಿ, ಯುವಜನೋತ್ಸವದ ನಾಟಕ ನೋಡಿ, ಹವ್ಯಾಸಿ ತಂಡಗಳನ್ನ ಕೇಳಿ, ನೀನಾಸಂ ಶಿಬಿರಕ್ಕೆ ಹೋಗಿ ಬಂದವರು ಪ್ರತಿ ಊರಲ್ಲೂ ಒಬ್ರಾದ್ರೂ ಸಿಗ್ತಾರೆ. ಮಂಡ್ಯ ಕಡೆಯ ಹಳ್ಳಿ ಜನರನ್ನೇ ಹಾಕ್ಕೊಂಡು ಮಾಡಿದ "ತಿಥಿ" 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಗೊಂಡ್ತು, ಸೋ ನಟನೆ ಗೊತ್ತಿಲ್ಲದವರು ಅಂತ ಹೆದರ್ಬೇಡಿ. ಆಡಿಷನ್ನಲ್ಲಿ ಡೈಲಾಗ್ ಹೇಳ್ಸೋ ಬದ್ಲು ಮೂರು ಜನರನ್ನ ಕೂರ್ಸಿ ಒಂದು ಐಸ್‌ಕ್ಯಾಂಡಿ ಕೊಟ್ಟು ನೀವೇ ಹಂಚ್ಕೊಳ್ಳಿ ಅನ್ನಿ, ಯಾರು ಯಾರ ಜೊತೆ ಹೊಂದ್ತಾರೆ ಅಂತ ಐದು ನಿಮಿಷದಲ್ಲಿ ಗೊತ್ತಾಗತ್ತೆ.

ಮೂರು ವಾರ ವರ್ಕ್‌ಶಾಪ್ ಬೇಕೇ ಬೇಕು. ಈಗಿನ ಹುಡುಗ್ರಿಗೆ ಬಟನ್ ಫೋನ್ ಹಿಡಿಯೋಕೆ ಬರಲ್ಲ, ಹೆಬ್ಬೆಟ್ಟಲ್ಲಿ ಸವರೋಕೆ ನೋಡ್ತಾರೆ. ಒಬ್ಬೊಬ್ರಿಗೂ ಒಂದು ಹಳೇ ಸೆಟ್ ಕೊಟ್ಟು, ಜೇಬೊಳಗೇ ಕೈಯಿಟ್ಟು ನೋಡ್ದೇ ಟೈಪ್ ಮಾಡೋ ತನಕ ಪ್ರಾಕ್ಟೀಸ್ ಮಾಡ್ಸಿ. ಬೋರ್ ಆದಾಗ ಕೈ ಏನ್ಮಾಡತ್ತೆ ಅನ್ನೋದೂ ಬೇರೆನೇ ಇತ್ತು, ಆಗ ಕಲ್ಲು ಎಸೀತಿದ್ವಿ, ಪೆನ್ ತಿರುಗ್ಸ್ತಿದ್ವಿ, ಬಸ್ ಟಿಕೆಟ್ ಮಡಚ್ತಿದ್ವಿ.

ಹಂತ 5: ಜಾಗ ಮತ್ತು ಆರ್ಟ್, ತರೋದಕ್ಕಿಂತ ತೆಗೆಯೋದು ಜಾಸ್ತಿ

ಕಾಲೇಜು ಬೇಸಿಗೆ ರಜೇಲಿ ಖಾಲಿ, ಕಥೆಯೂ ಬೇಸಿಗೆದೇ, ಹಾಗಾಗಿ ಬಿಸ್ಲು, ಒಣಗಿದ ಕೆರೆ, ಮಾವಿನಕಾಯಿ ಎಲ್ಲಾ ಫ್ರೀ. ಬರವಣಿಗೆ ಟೈಮಲ್ಲೇ ಶೂಟಿಂಗ್ ಸೀಸನ್ ಯೋಚ್ನೆ ಮಾಡಿ ಅಂತ ನಾನು ಹೇಳೋದು ಇದಕ್ಕೇ.

ನಮ್ಗೆ ಆಗಿದ್ದು ಹೇಳ್ತೀನಿ. ಬೇಕರಿ ಸೀನು, ಎರಡು ದಿನ ಕಷ್ಟಪಟ್ಟು ಹಳೇ ಬಾಟ್ಲು, ಗಾಜಿನ ಭರಣಿ, ರೀಚಾರ್ಜ್ ಸ್ಕ್ರ್ಯಾಚ್ ಕಾರ್ಡ್ ಮಾಲೆ ಎಲ್ಲಾ ಜೋಡ್ಸಿದ್ವಿ. ಎಡಿಟಿಂಗಲ್ಲಿ ನೋಡಿದ್ರೆ ಒಳ್ಳೇ ಟೇಕ್ ಪೂರ್ತಿ ಹಿಂದುಗಡೆ ಎದುರಿನ ಜ್ಯೂಸ್ ಅಂಗಡಿ ಕಂಬಕ್ಕೆ ಅಂಟ್ಸಿದ ಕ್ಯೂಆರ್ ಕೋಡ್ ಕಾಣ್ತಿದೆ. ಯುಪಿಐ ಬಂದಿದ್ದೇ 2016ರಲ್ಲಿ. ಎರಡು ವಾರ ಬಿಟ್ಟು ಮತ್ತೆ ಹೋಗಿ ಪ್ಯಾಚಪ್ ಮಾಡ್ಬೇಕಾಯ್ತು. ಅವತ್ತಿಂದ ಒಬ್ಬ ಹುಡುಗನಿಗೆ ಇದೇ ಕೆಲ್ಸ ಕೊಟ್ವಿ, ಪ್ರತಿ ಶಾಟ್ ಮುಂಚೆ ಮಾನಿಟರ್ ಮುಂದೆ ನಿಂತು ಪಟ್ಟಿ ಓದೋದು: ಕ್ಯೂಆರ್, ಪೇಮೆಂಟ್ ಸ್ಪೀಕರ್, ಸಿಸಿಟಿವಿ, ಎಲ್‌ಇಡಿ ಬಲ್ಬು, ಹೊಸ ನಂಬರ್ ಪ್ಲೇಟು. ಆ ಹೈ ಸೆಕ್ಯೂರಿಟಿ ಪ್ಲೇಟು 2019ರಿಂದ ಬಂದಿದ್ದು, ಈಗ ಹಳೇ ಗಾಡಿಗೂ ಹಾಕ್ಸಿದಾರೆ, ಅದ್ರ ಮುಂದೆ ಹಳೇ ಥರ ಬರೆದ ತಗಡು ಕಟ್ಕೊಳ್ಳಿ, ಶಾಟ್ ಆದ ತಕ್ಷಣ ಬಿಚ್ಚಿ. ರೈಲ್ವೆ ಸ್ಟೇಷನ್ ಬಿಟ್ಬಿಡೋದು ಒಳ್ಳೇದು, ಪರ್ಮಿಷನ್ ಖರ್ಚು ಒಂದ್ಕಡೆ, ಮೇಲೆ ಆಗ ಇಲ್ದಿರೋ ಕರೆಂಟ್ ಲೈನು ಇನ್ನೊಂದ್ಕಡೆ. ರೈಲು ಬರೋ ಸದ್ದು ಸಾಕು.

ನೋಟಿನ ವಿಷ್ಯ ಹುಷಾರು. ಹಳೇ 500, 1000ದ ನೋಟು 10ಕ್ಕಿಂತ ಜಾಸ್ತಿ ಇಟ್ಕೊಳ್ಳೋದು 2017ರ ಕಾನೂನು ಪ್ರಕಾರ ತಪ್ಪು, ಕಲರ್ ಜೆರಾಕ್ಸ್ ಮಾಡೋದು ಅದಕ್ಕಿಂತ ದೊಡ್ಡ ತಪ್ಪು. ನಮ್ಮ ಹುಡುಗ್ರ ಹತ್ರ 500 ಎಲ್ಲಿಂದ ಬರ್ಬೇಕು, ಹಳೇ 10, 20 ಮತ್ತೆ 25 ಪೈಸೆ ನಾಣ್ಯದಲ್ಲೇ ಸಿನಿಮಾ ಮುಗಿಸಿದ್ವಿ.

ರಾತ್ರಿ ಬೀದಿ ಈಗ ಬೆಳ್ಳಗೆ, ಆಗ ಕಿತ್ತಳೆ ಬಣ್ಣದ ಸೋಡಿಯಂ ಲೈಟು. ಒಂದೆರಡು ಲೈಟಿಗೆ ಕಿತ್ತಳೆ ಜೆಲ್ (ಬಣ್ಣದ ಹಾಳೆ) ಹಾಕಿ, ಇಲ್ಲಾ ಆ ಸೀನನ್ನೇ ಲೋಡ್ ಶೆಡ್ಡಿಂಗಲ್ಲಿ ಬರೀರಿ. ಕ್ಯಾಂಡಲ್ಲು, ಎಮರ್ಜೆನ್ಸಿ ಲ್ಯಾಂಪು, ಜಗಲಿ ಮೇಲೆ ಬೀಸಣಿಗೆ ಹಿಡ್ಕೊಂಡು ಕೂತ ಅಕ್ಕಪಕ್ಕದವರು, ಅದಕ್ಕಿಂತ 2008 ಇನ್ನೇನು ಬೇಕು ಹೇಳಿ.

ಹಂತ 6: ಕ್ಯಾಮೆರಾ ಮತ್ತು ಸೌಂಡ್

ಕ್ಯಾಮೆರಾ ಯಾವ್ದು ಅಂತ ತಿಂಗಳುಗಟ್ಲೆ ಚರ್ಚೆ ಬೇಡ, ಬಾಡಿಗೆಗೆ ಸಿಗೋ ಫುಲ್ ಫ್ರೇಮ್ ಮಿರರ್‌ಲೆಸ್ ಸಾಕು. ಎರಡು ವಿಷ್ಯ ಮಾತ್ರ ನೆನಪಿಡಿ. ಚೋಕ್ ಇರೋ ಹಳೇ ಟ್ಯೂಬ್‌ಲೈಟ್ ಇದ್ರೆ 24 ಎಫ್‌ಪಿಎಸ್‌ಗೆ (ಸೆಕೆಂಡಿಗೆ 24 ಫ್ರೇಮ್) ಶಟರ್ 1/50, ಅಂದ್ರೆ ಶಟರ್ ಆಂಗಲ್ 172.8 ಡಿಗ್ರಿ, ಇಟ್ಕೊಳ್ಳಿ, ಫ್ಲಿಕರ್ ಬರಲ್ಲ. ಡಬ್ಬಾ ಟಿವಿ ಫ್ರೇಮಲ್ಲಿದ್ರೆ ಆ ಸೀನನ್ನ 25 ಎಫ್‌ಪಿಎಸ್, 1/50ರಲ್ಲಿ ತೆಗೆದ್ರೆ ಕಪ್ಪು ಪಟ್ಟೆ ಓಡಾಡಲ್ಲ, ಹಿಂದಿನ ದಿನವೇ ಟೆಸ್ಟ್ ಮಾಡಿ. ಇಡೀ ಸಿನಿಮಾಗೆ ಹಳದಿ ಬಣ್ಣ ಬಳಿಯೋದು ದಯವಿಟ್ಟು ಬೇಡ, 2008ರಲ್ಲೂ ಆಕಾಶ ನೀಲಿನೇ ಇತ್ತು. ಕಾಮಿಡಿಗೆ ವೈಡ್ ಶಾಟ್ ಚೆಂದ, ನಾಲ್ಕೂ ಜನ ಒಂದೇ ಫ್ರೇಮಲ್ಲಿ ಇದ್ರೆ ಒಬ್ಬ ಮಾತಾಡೋವಾಗ ಇನ್ನೊಬ್ಬನ ಮುಖದಲ್ಲಿ ನಗು ಹುಟ್ಟೋದು ಕಾಣತ್ತೆ.

ದುಡ್ಡು ಉಳಿದ್ರೆ ಸೌಂಡಿಗೆ ಹಾಕಿ. ಸಿಂಕ್ ಸೌಂಡೇ ಮಾಡಿ, ಅಂದ್ರೆ ಶೂಟಿಂಗ್ ಟೈಮಲ್ಲೇ ಮಾತು ರೆಕಾರ್ಡ್ ಮಾಡ್ಕೊಳ್ಳಿ, ಹೊಸ ಹುಡುಗ್ರನ್ನ ಡಬ್ಬಿಂಗ್ ಥಿಯೇಟರಲ್ಲಿ ನಿಲ್ಸಿದ್ರೆ ಆ ತಿಪಟೂರು ಸೀಮೆ ಮಾತಿನ ಲಯ, ಒಬ್ರ ಮೇಲೊಬ್ರು ಮಾತಾಡೋದು ಎಲ್ಲಾ ಸತ್ತೋಗತ್ತೆ. ಬೂಮ್ (ಕೋಲಿಗೆ ಕಟ್ಟಿದ ಮೈಕು) ಜೊತೆ ಎಲ್ರಿಗೂ ಲೇಪಲ್ (ಬಟ್ಟೆಗೆ ಸಿಕ್ಕಿಸೋ ಚಿಕ್ಕ ಮೈಕು), ಪ್ರತಿ ಲೊಕೇಶನ್ನಲ್ಲೂ ಎರಡು ನಿಮಿಷ ಸುಮ್ನೆ ನಿಂತು ಆ ಜಾಗದ ಸದ್ದು ರೆಕಾರ್ಡ್ ಮಾಡ್ಕೊಳ್ಳಿ. ಫೂಟೇಜ್ ಮೂರು ಕಾಪಿ, ಒಂದು ಬೇರೆ ಮನೇಲಿ.

ಹಂತ 7: ಶೂಟಿಂಗ್ ದಿನಗಳು

ಬೆಳಿಗ್ಗೆ ಆರಕ್ಕೆ ಶುರು ಮಾಡಿ, ಹನ್ನೆರಡರಿಂದ ಮೂರು ಒಳಾಂಗಣ ಇಲ್ಲಾ ರೆಸ್ಟು, ಮತ್ತೆ ಸಂಜೆ. ಏಪ್ರಿಲ್ ಬಿಸ್ಲಲ್ಲಿ ಹುಡುಗ್ರನ್ನ ನಿಲ್ಸಿ ನಗು ಅಂದ್ರೆ ನಗು ಬರಲ್ಲ. ಮೊದಲ ಎರಡು ದಿನ ಸುಲಭದ ಸೀನು, ಪ್ರೀತಿ ಜಗಳದ ಸೀನು ಎರಡನೇ ವಾರಕ್ಕೆ, ಅಷ್ಟೊತ್ತಿಗೆ ಅವ್ರು ನಿಜವಾಗ್ಲೂ ಸ್ನೇಹಿತರಾಗಿರ್ತಾರೆ. ಬರೆದ ಹಾಗೆ ಎರಡು ಟೇಕ್ ತಗೊಳ್ಳಿ, ಆಮೇಲೆ ನಿಮ್ಮ ಮಾತಲ್ಲಿ ಹೇಳಿ ಅಂತ ಒಂದು ಬಿಡಿ. ನಾಯಿ, ಎಮ್ಮೆ, ಎತ್ತಿನಗಾಡಿ ಏನಾದ್ರೂ ಬೇಕಂತಾನೇ ಬಳಸೋದಿದ್ರೆ ಶೂಟಿಂಗ್ ಮುಂಚೆನೇ ಪ್ರಾಣಿ ಕಲ್ಯಾಣ ಮಂಡಳಿ ಅನುಮತಿ ತಗೊಂಡಿರ್ಬೇಕು, ಇಲ್ದಿದ್ರೆ ಸೆನ್ಸಾರಲ್ಲಿ ನಿಲ್ಲತ್ತೆ.

ಹಂತ 8: ಎಡಿಟಿಂಗ್ ಮತ್ತು ಹಾಡು

ಆ ವರ್ಷದ ಹಿಟ್ ಹಾಡು ಬ್ಯಾಕ್‌ಗ್ರೌಂಡಲ್ಲಿ ಐದೇ ಸೆಕೆಂಡ್ ಹಾಕ್ಬಹುದು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಹಾಗಂತ ಯಾವ ಕಾನೂನೂ ಇಲ್ಲ, ಆಡಿಯೋ ಕಂಪನಿ ಲೈಸೆನ್ಸ್ ಬೇಕು. ಕ್ರಿಕೆಟ್ ಫೂಟೇಜ್, ಕಾಮೆಂಟ್ರಿ ಕೂಡ ಅಷ್ಟೇ. ನಾವು ಮ್ಯಾಚನ್ನ ಟಿವಿ ಅಂಗಡಿ ಹೊರಗೆ ನಿಂತ ಜನರ ಬೆನ್ನಲ್ಲೇ ತೋರ್ಸಿದ್ವಿ, ಒಂದೊಂದು ವಿಕೆಟ್ ಬಿದ್ದಾಗ್ಲೂ ಗುಂಪಿಂದ ಒಬ್ಬೊಬ್ಬ ಕಮ್ಮಿ ಆಗ್ತಾನೆ, 82ಕ್ಕೆ ಬರೋ ಹೊತ್ತಿಗೆ ನಮ್ಮ ಹೀರೋ ಒಬ್ಬನೇ. ರಿಂಗ್‌ಟೋನು, ಕಾಲರ್ ಟ್ಯೂನು, ಎಲೆಕ್ಷನ್ ಹಾಡು ಎಲ್ಲಾ ಸ್ವಂತ ಮಾಡಿ, ಪಕ್ಷ ಅಭ್ಯರ್ಥಿ ಚಿಹ್ನೆ ಕಲ್ಪಿತ ಇರ್ಲಿ.

ರಫ್ ಕಟ್ (ಮೊದಲ ಸುತ್ತಿನ ಎಡಿಟ್) ಆದ್ಮೇಲೆ ಈಗ ಪಿಯುಸಿ ಓದ್ತಿರೋ ಹತ್ತು ಮಕ್ಕಳಿಗೆ ತೋರ್ಸಿ, ಸ್ಕ್ರೀನ್ ನೋಡೋದು ಬಿಟ್ಟು ಅವರ ಮುಖ ನೋಡಿ. ನಮ್ಮ ಇನ್‌ಬಾಕ್ಸ್ ಸೀನಲ್ಲಿ ಒಬ್ಳು ಹುಡುಗಿ ಪಕ್ಕದವಳಿಗೆ "ಸ್ಕ್ರೀನ್‌ಶಾಟ್ ತೆಗಿಬೋದಿತ್ತಲ್ವಾ" ಅಂದ್ಲು, ಇಬ್ರೂ ನಕ್ರು, ಅವನು ನೋಟ್‌ಬುಕ್ ತೆಗ್ದು ಬರ್ಕೊಳ್ಳೋಕೆ ಶುರು ಮಾಡಿದ ತಕ್ಷಣ ಇಬ್ರೂ ಸುಮ್ನಾಗ್ಬಿಟ್ರು. ಆ ಶಾಟನ್ನ ನಾನು ಕಟ್ ಮಾಡ್ಬೇಕು ಅಂತಿದ್ದೆ, ಅವತ್ತು ಎಂಟು ಸೆಕೆಂಡ್ ಜಾಸ್ತಿ ಬಿಟ್ಟೆ.

ಹಂತ 9: ಸೆನ್ಸಾರ್, ಫೆಸ್ಟಿವಲ್, ರಿಲೀಸ್

ಸೆನ್ಸಾರ್ ಅರ್ಜಿ ಆನ್‌ಲೈನ್, ಪ್ರಾದೇಶಿಕ ಕಚೇರಿ ಬೆಂಗಳೂರಲ್ಲೇ ಇದೆ. 2023ರ ತಿದ್ದುಪಡಿ ಆದ್ಮೇಲೆ ಯು/ಎ (ಮಕ್ಕಳು ನೋಡೋಕೆ ದೊಡ್ಡವರ ಮಾರ್ಗದರ್ಶನ ಬೇಕು ಅನ್ನೋ ಸರ್ಟಿಫಿಕೇಟು) 7+, 13+, 16+ ಅಂತ ಮೂರಾಗಿದೆ, ನಿಮ್ಮ ಬೈಗುಳ ಎಷ್ಟಿದೆ ಅನ್ನೋದ್ರ ಮೇಲೆ ಯಾವುದು ಸಿಗತ್ತೆ ಅಂತ ಅಂದಾಜು ಮಾಡ್ಕೊಳ್ಳಿ. ಬೀಡಿ ಸಿಗರೇಟ್ ಸೀನ್ ಇದ್ರೆ ಶುರುವಲ್ಲಿ ಮತ್ತೆ ಮಧ್ಯದಲ್ಲಿ ಎಚ್ಚರಿಕೆ ಸ್ಪಾಟು, ಸೀನ್ ನಡೆಯೋವಾಗ ಕೆಳಗೆ ಬರಹ ಬರ್ಬೇಕು, ಬೇಡ ಅನ್ಸಿದ್ರೆ ಸೀನನ್ನೇ ಬಿಡಿ.

ಫೆಸ್ಟಿವಲ್ ಯೋಚ್ನೆ ಇದ್ರೆ ಯೂಟ್ಯೂಬಲ್ಲೋ ಇನ್ನೆಲ್ಲೋ ಮೊದ್ಲು ಹಾಕ್ಬೇಡಿ, ಎಷ್ಟೋ ಕಡೆ ಪ್ರೀಮಿಯರ್ ಆಗಿರ್ಬಾರ್ದು ಅನ್ನೋ ನಿಯಮ ಇರತ್ತೆ. ಬೆಂಗಳೂರು ಚಿತ್ರೋತ್ಸವದಲ್ಲಿ ಕನ್ನಡಕ್ಕೇ ಬೇರೆ ಸ್ಪರ್ಧೆ ಇದೆ, ಎಡಿಟ್ ಹಂತದಲ್ಲೇ ಗೋವಾದ ಫಿಲ್ಮ್ ಬಜಾರ್‌ಗೂ (ಸಿನಿಮಾ ಮಾರಾಟದ ಮೇಳ) ಕಳಿಸ್ಬಹುದು. ಹೈಸ್ಕೂಲ್ ದಿನಗಳ ಮೇಲಿನ ಕನ್ನಡದ "ಗಂಟುಮೂಟೆ" 2019ರಲ್ಲಿ ನ್ಯೂಯಾರ್ಕ್ ಭಾರತೀಯ ಚಿತ್ರೋತ್ಸವದಲ್ಲಿ ಚಿತ್ರಕಥೆಗೆ ಪ್ರಶಸ್ತಿ ತಗೊಂಡಿದ್ದು ನೆನಪಿರ್ಲಿ. ಸಬ್‌ಟೈಟಲ್ ದುಡ್ಡು ಕೊಟ್ಟು ಚೆನ್ನಾಗಿ ಮಾಡ್ಸಿ, "ಮಗಾ" ಅನ್ನೋದನ್ನ ಇಂಗ್ಲಿಷಲ್ಲಿ "ಸನ್" ಅಂತ ಅನುವಾದ ಮಾಡಿದ್ರೆ ಎಲ್ಲಾ ಹೋಯ್ತು.

ರಿಲೀಸ್ ದಿನ ಬೆಂಗಳೂರು ಮಲ್ಟಿಪ್ಲೆಕ್ಸಿಗೆ ಮೊದ್ಲು ಓಡ್ಬೇಡಿ. ಶೂಟ್ ಮಾಡಿದ ಊರಲ್ಲಿ ಒಂದು ಮಾರ್ನಿಂಗ್ ಶೋ ಬುಕ್ ಮಾಡಿ, ಗೋಡೌನ್ ಕೊಟ್ಟವರು, ಬೇಕರಿಯವರು, ಹುಡುಗ್ರ ಅಪ್ಪ ಅಮ್ಮ, ಅಡುಗೆ ಮಾಡಿದ ಅಕ್ಕ, ಎಲ್ರನ್ನೂ ಮನೆಗೆ ಹೋಗಿ ಕರೀರಿ, ಮುಂದಿನ ಎರಡು ಸಾಲು ಅವರಿಗೇ ಇಡಿ.